ಸೋತವರ ಚಹಾ

“ಈಗ ಎದ್ದು ಹೋದವರು ಯಾರು?”

ವಿರೂಪಾಕ್ಷ ಹಂಚಿನಾಳ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವನೊಬ್ಬನೇ. ಪರದೆಯ ಮೇಲಿನ ಪೋಕರ್ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಅಲ್ಲಿ ಇನ್ನೊಂದು ಹೆಸರು ಬಂದು ಕೂತಿತು. ಕಿವಿಯೊಳಗಿಂದ ಕಿವಿಮಂತ್ರಿ ಪಿಸುಗುಟ್ಟಿತು: “ಹೊಸಬರು. ಅಳುಕುತ್ತಿದ್ದಾರೆ. ಪಣ ಏರಿಸಿ.”

ಕಿವಿಮಂತ್ರಿ ಕಡಲೆಕಾಳಿನಷ್ಟು ಸಾಧನ. ಎದುರಾಳಿ ಎಲೆ ಹಿಡಿಯುವ ಬಗೆ, ಪಣ ಕಟ್ಟುವ ವೇಗ, ತಡೆಹಿಡಿದ ಉಸಿರು, ಎಲ್ಲವನ್ನೂ ಅಳೆದು ಸಲಹೆ ಕೊಡುತ್ತಿತ್ತು. ಆ ಕಾಲಕ್ಕೆ ಅದು ಕನ್ನಡಕದಷ್ಟೇ ಸಾಮಾನ್ಯ. ಮೋಸವೆಂದು ಯಾರೂ ಎನ್ನುತ್ತಿರಲಿಲ್ಲ. ಸಾವಿರಾರು ಜನರ ಪಂದ್ಯಗಳನ್ನು ವಿರೂಪಾಕ್ಷ ಅದರ ಬಲದಿಂದ ಗೆದ್ದಿದ್ದ. ಗೆದ್ದಾಗ ಕೈಕುಲುಕಿದವರು ಮಾತ್ರ ಒಬ್ಬರೂ ಇರಲಿಲ್ಲ.

ಹಾಗಾಗಿ ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಹಿರಿಯರು, ತಮ್ಮ ಆರು ಜನರ ಮೇಜಿನಲ್ಲಿ ಒಬ್ಬರು ತೀರಿಕೊಂಡ ಮೇಲೆ, “ಐತಾರ ಬಂದು ಆಡಿ ನೋಡ್ರಿ” ಎಂದು ಕರೆದಾಗ ಅವನ ಎದೆ ಅರಳಿತು. ಸಾಧನವನ್ನು ರೂಪಿಸಿದ ವಿಜ್ಞಾನಿ ಶಬಾನಾ ಕಿತ್ತೂರರ ಬಳಿಗೆ ಓಡಿದ.

“ಆರ ಮಂದಿ ಅದಾರ್ರಿ ಮೇಡಂ. ಇದು ಕಲತದ್ದು ಸಾವಿರ ಮಂದಿ ಆಟ. ತಿದ್ದಿಕೊಡ್ರಿ.”

“ದೊಡ್ಡ ಪಂದ್ಯ ಸಂತಿ ಇದ್ದಂಗ, ಹಂಚಿನಾಳರ,” ಎಂದರು ಶಬಾನಾ. “ಬಹುಮಾನೆಲ್ಲಾ ತುದಿಗೆ ಇರ್ತದ. ಮೊದಲಿಗೇ ಧೈರ್ಯ ಮಾಡಿ ಪಣದ ಬಿಲ್ಲೆ ಗುಡ್ಡಿ ಹಾಕಬೇಕು. ಸಣ್ಣದು ಮನಿ ಮುಂದಿನ ಕಟ್ಟಿ ಇದ್ದಂಗ. ಅವೇ ಕಣ್ಣು ನಿಮ್ಮನ್ನ ನೋಡ್ಕೋತ ಕುಂತಿರ್ತಾವ. ಮೊದಲು ತಡಕೊಳ್ರಿ, ಮಂದಿ ಕಡಿಮಿ ಆದಂಗ ಮ್ಯಾಲೆ ಬೀಳ್ರಿ. ಒಂದು ನೆನಪಿರಲಿ, ಅಲ್ಲಿ ಖಾಲಿ ಆದ ಕುರ್ಚಿ ತುಂಬೂದಿಲ್ಲ.”

“ಗೆದ್ದರ ಆತು ಬಿಡ್ರಿ. ತೀರಿಕೊಂಡವರ ಕುರ್ಚಿ ನನಗ ಕೊಡ್ತಾರ.”

“ಗೆಲ್ಲೂದನ್ನ ಇದಕ್ಕ ಕಲಸ್ತೀನಿ. ಉಳದದ್ದು ನಿಮಗ ಬಿಟ್ಟದ್ದು.”

ಭಾನುವಾರ ಬಂತು. ಕಾಲೊನಿಯ ಕ್ಲಬ್ಬಿನ ಮೂಲೆಯಲ್ಲಿ ಚಹಾದ ಕೆಟಲಿ ಹಬೆಯಾಡುತ್ತಿತ್ತು. ವರ್ಕ್‌ಶಾಪಿನಲ್ಲಿ ಕ್ರೇನ್ ನಡೆಸಿ ನಿವೃತ್ತಳಾದ ತಾರಕ್ಕ ಎಲೆ ಹಂಚಿದಳು. ಕಿವಿಮಂತ್ರಿ ಹೇಳಿದಂತೆ ವಿರೂಪಾಕ್ಷ ಮೊದಲು ತಡೆದುಕೊಂಡ, ಆಮೇಲೆ ಎರಗಿದ. ಹಿರಿಯರಲ್ಲಿ ಒಬ್ಬನಾದ ದಾವಲಸಾಬನ ಕೊನೆಯ ಬಿಲ್ಲೆ ಇವನ ಕಡೆ ಸರಿಯಿತು.

“ಹಂಚ್ರಿ, ಹಂಚ್ರಿ,” ಎಂದ ವಿರೂಪಾಕ್ಷ.

ಯಾರೂ ಎಲೆ ಮುಟ್ಟಲಿಲ್ಲ. ತಾರಕ್ಕ ಕೆಟಲಿಯತ್ತ ಹುಬ್ಬು ಹಾರಿಸಿದಳು. “ನಮ್ಮಲ್ಲೊಂದು ಪದ್ಧತಿ ಐತ್ರಿ. ಸೋತವರಿಗೆ ಸೋಲಿಸಿದವರು ತಮ್ಮ ಕೈಯಾರೆ ಚಾ ಹಾಕಬೇಕು. ಆ ಲೋಟ ಮುಗಿಯೂ ತನಕಾ ಎಲಿ ಹಂಚೂದಿಲ್ಲ.”

“ನಿಲ್ಲಿಸಬೇಡಿ,” ಎಂದಿತು ಕಿವಿಮಂತ್ರಿ. “ಅವರ ಗಮನ ಕದಡಿದೆ.”

“ಅವರ ಹಾಕ್ಕೊಳ್ಳಿ ಬಿಡ್ರಿ. ಆಟ ತಣ್ಣಗಾಗ್ತದ,” ಎಂದ ವಿರೂಪಾಕ್ಷ.

“ನಾ ಸೋತಿದ್ದು ಎಲ್ಯಾಗ, ಕೈಯಾಗಲ್ಲ ಬಿಡೋ ಮಾರಾಯಾ!” ಎಂದು ನಗುತ್ತ ದಾವಲಸಾಬ ತಾನೇ ಚಹಾ ಬಗ್ಗಿಸಿಕೊಂಡು ಹೊರಗೆ ಬೇವಿನ ಕಟ್ಟೆಗೆ ಹೋದ. ಬಳಿಕ ಸೋತವರೂ ಹಾಗೆಯೇ ಹೋದರು. ಕಡೆಗೆ ತಾರಕ್ಕ ಕೆಟಲಿಯನ್ನೇ ಎತ್ತಿಕೊಂಡು ನಡೆದಳು.

ಬಿಲ್ಲೆಗಳೆಲ್ಲ ವಿರೂಪಾಕ್ಷನ ಮುಂದೆ. ಸುತ್ತ ಐದು ಖಾಲಿ ಕುರ್ಚಿ. ಯಾವ ಹೆಸರೂ ಬಂದು ಕೂರಲಿಲ್ಲ. ಚಿಕ್ಕಂದಿನಲ್ಲಿ ಗಮಕಿಗಳು ಮಹಾಭಾರತದ ಪಗಡೆಯಾಟದ ಪದ್ಯ ಓದುವಾಗ ಅಜ್ಜಿ, ಸೋತವರಿಗಾಗಿ ಅತ್ತು, ಮತ್ತೆ ಕಣ್ಣಿಗೆ ಸೆರಗು ಹಿಡಿದು ಗೆದ್ದವರಿಗಾಗಿಯೂ ಅಳುತ್ತಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ.

“ಈಗ ಏನು ಮಾಡ್ಲಿ?” ಎಂದು ಮೆಲ್ಲಗೆ ಕೇಳಿದ.

“ಎದುರಾಳಿಗಳು ಯಾರೂ ಉಳಿದಿಲ್ಲ,” ಎಂದಿತು ಕಿವಿಮಂತ್ರಿ.

ಹೊರಗೆ ನಗು ಕೇಳಿಸಿತು. ಅವನು ಎದ್ದು ಕಟ್ಟೆಯ ಬಳಿ ನಿಂತ. ನಗು ನಿಂತಿತು.

“ತಾರಕ್ಕಾರ, ನನಗೂ ಒಂದು ಲೋಟ ಚಾ ಹಾಕ್ರಿ.”

“ಇದು ಸೋತವರ ಚಾ ಐತ್ರಿ. ಸೋಲಿಸಿದವರ ಹಾಕಬೇಕು. ನಿಮ್ಮನ್ನ ಸೋಲಿಸಿದವರು ಇಲ್ಲಿ ಯಾರದಾರ?”

“ಪದ್ಧತಿ ಇರಲ್ರಿ. ಒಂದು ಗುಟುಕು.”

ತಾರಕ್ಕ ಕೆಟಲಿಯ ಮುಚ್ಚಳ ಒತ್ತಿದಳು.

“ಇಲ್ಲ. ಹಾಕೂದಿಲ್ಲ.”