ಪಡಸಾಲೆಯ ಫ್ರಿಜ್ಜು

ಸೆಕೆಂಡ್ ಹ್ಯಾಂಡ್ ಅಂಗಡಿಯ ಆ ಪುಟ್ಟ ಫ್ರಿಜ್ಜಿನ ಮೇಲೆ ಎರಡು ಕೈಗಳು ಒಟ್ಟಿಗೇ ಬಿದ್ದವು.

"ಇದನ್ನ ನಾನು ನಿನ್ನೇನೇ ನೋಡಿಟ್ಟಿದ್ದೆ," ಎಂದಳು ಅವಳು.

"ನೋಡಿಟ್ಟಿದ್ರಿ. ತಗೊಂಡಿರಲಿಲ್ವಲ್ಲ."

ತಲೆಯೆತ್ತಿದರೆ... ಪಕ್ಕದ ರೂಮಿನವನು! ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅವನ ಕೆಲಸ. ಒಂದೇ ಮಹಡಿಯಲ್ಲಿ ಐದು ತಿಂಗಳಿದ್ದರೂ ಇಬ್ಬರಿಗೂ ಮಾತಿರಲಿಲ್ಲ. ಅವನು ಒಂದು ದಿನ ಅಡುಗೆ ಮಾಡಿ ಮೂರು ದಿನ ಉಣ್ಣುವ ಆಸಾಮಿ. ಅವಳು ಬಸ್ಸು ಬಿಟ್ಟು ನಡೆದೇ ಗಾರ್ಮೆಂಟ್ಸ್‌ಗೆ ಹೋಗುವವಳು, ಅದೇ ಚಪ್ಪಲಿಗೆ ಮೂರನೇ ಸಲ ಹೊಲಿಗೆ ಹಾಕಿಸಿದವಳು.

ಅದರ ಬೆಲೆ ಒಬ್ಬರ ಕೈಯಿಂದ ಆಗುವ ಮಾತಾಗಿರಲಿಲ್ಲ. ಅಂಗಡಿಯವನೇ ರಾಜಿ ಮಾಡಿಸಿದ. ಇಬ್ಬರೂ ಸೇರಿ ಕೊಂಡು, ಎರಡು ರೂಮುಗಳ ನಡುವಿನ ಪಡಸಾಲೆಯಲ್ಲಿಟ್ಟರು. ಮೇಲಿನ ಅರ್ಧ ಅವಳದು, ಕೆಳಗಿನದು ಅವನದು.

ಅವಳಿಗೆ ಅದು ಯಾಕೆ ಬೇಕಿತ್ತೆಂದು ಮೊದಲ ದಿನವೇ ಅವನ ಕಣ್ಣಿಗೆ ಬಿತ್ತು. ಇನ್ಸುಲಿನ್ ಡಬ್ಬಿ. ಹನ್ನೊಂದನೇ ವಯಸ್ಸಿನಿಂದ ಅವಳು ದಿನವೂ ಚುಚ್ಚಿಕೊಳ್ಳುತ್ತಿದ್ದಳು. ವಿಷಯ ತಿಳಿದ ಮೇಲೆ ಮೆಲ್ಲಗೆ ದೂರ ಸರಿದವರನ್ನು ಅವಳು ಕಂಡಿದ್ದಳು. ಇವನು ಸರಿಯಲಿಲ್ಲ, ಏನೂ ಕೇಳಲೂ ಇಲ್ಲ.

ಬದಲಿಗೆ ಜಗಳ ಶುರುವಾಯಿತು. ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ಅವಳು, ನಿಮ್ಮ ಪಾತ್ರೆ ನನ್ನ ಜಾಗಕ್ಕೆ ಬಂದಿದೆ ಎಂದು ಅವನು. ಜಗಳವಾದ ದಿನ ಅವನು ಮಾಡಿದ ಅಡುಗೆಯ ಒಂದು ಬಟ್ಟಲು ಅವಳ ಭಾಗದಲ್ಲಿ ಇರುತ್ತಿತ್ತು. ಅವಳು ಒಬ್ಬಳೇ ನಗುತ್ತಿದ್ದಳು, ಆಮೇಲೆ ತನ್ನನ್ನೇ ಗದರಿಕೊಳ್ಳುತ್ತಿದ್ದಳು.

'ಬೇಡ... ಈ ಆಸೆಯೊಂದು ನನಗೆ ದುಬಾರಿ.'

ಒಂದು ಸಂಜೆ ಮೆಟ್ಟಿಲು ಹತ್ತಿ ಬಂದವಳು ನಿಂತಲ್ಲೇ ನಿಂತುಬಿಟ್ಟಳು. ಫ್ರಿಜ್ಜಿದ್ದ ಜಾಗ ಖಾಲಿ. ಅವನ ರೂಮಿಗೆ ಬೀಗ. ಅವಳ ಹಳೇ ಫೋನಿನ ಬ್ಯಾಟರಿ ಬೆಳಿಗ್ಗೆಯೇ ಸತ್ತಿತ್ತು.

ಅವನು ಮಧ್ಯಾಹ್ನ ಗಾಡಿ ತಂದು ಹೇರಿಕೊಂಡು ಹೋದನೆಂದು ಓನರ್ ಆಂಟಿ ಹೇಳಿದರು. ರೂಮು ಖಾಲಿ ಮಾಡುವ ಮಾತೂ ನಿನ್ನೆ ಆಡಿದ್ದನಂತೆ.

ಅವಳು ಬಳಸುತ್ತಿದ್ದ ಬಾಟಲಿ ಬೆಳಿಗ್ಗೆ ಮುಗಿದಿತ್ತು. ತಿಂಗಳ ಔಷಧಿಯೆಲ್ಲ ಆ ಫ್ರಿಜ್ಜಿನಲ್ಲಿತ್ತು. ಮತ್ತೆ ಕೊಳ್ಳಲು ಸಂಬಳ ಬರಬೇಕು, ಅಲ್ಲಿಯವರೆಗೆ ಔಷಧಿಯಿಲ್ಲದೆ ಅವಳ ಮೈ ತಡೆಯುವುದಿಲ್ಲ.

ಏದುಸಿರು ಬಿಡುತ್ತ ಪ್ರೆಸ್ಸಿಗೆ ನುಗ್ಗಿದಳು. ಕೆಲಸದವರೆಲ್ಲ ತಿರುಗಿ ನೋಡಿದರು.

"ಮಾರಿಬಿಟ್ರಾ? ನನ್ನ ಜೀವ ಇತ್ತು ಅದರಲ್ಲಿ..."

ಅವನ ಮುಖ ಕಪ್ಪಿಟ್ಟಿತು. ಕೈಗಂಟಿದ ಶಾಯಿ ಒರೆಸಿಕೊಂಡು, "ಬನ್ನಿ" ಎಂದಷ್ಟೇ ಹೇಳಿ ಹೊರಟ. ಅವಳು ಹಿಂದೆಯೇ ನಡೆದಳು. ಅವನು ನಿಂತದ್ದು ಮನೆ ಹತ್ತಿರದ ಮೆಡಿಕಲ್ ಶಾಪಿನ ಮುಂದೆ.

ಅವನನ್ನು ಕಂಡದ್ದೇ ಮೆಡಿಕಲ್ ಶಾಪಿನವರು ತಮ್ಮ ಫ್ರಿಜ್ಜು ತೆರೆದು ಡಬ್ಬಿಯೊಂದನ್ನು ತೆಗೆದರು. ಅವಳದೇ! ಊಟಕ್ಕೆ ಮನೆಗೆ ಬಂದಾಗ ಫ್ರಿಜ್ಜು ಕೆಟ್ಟು ನೀರು ಸುರಿಯುತ್ತಿದ್ದುದನ್ನು ಅವನು ಕಂಡನಂತೆ. ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಓಡಿಬಂದನಂತೆ. ಔಷಧಿ ಕೆಟ್ಟಿಲ್ಲ ತಾನೇ ಎಂದು ಮೂರು ಸಲ ಕೇಳಿ, ಆಮೇಲೆ ಫ್ರಿಜ್ಜನ್ನು ರಿಪೇರಿಗೆ ಸಾಗಿಸಿದನಂತೆ.

ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ಹೊರಗೆ ಬಂದಳು. ಭೂಮಿಗಿಳಿದು ಹೋಗುವಷ್ಟು ನಾಚಿಕೆ.

"ನನಗೆ ಒಂದು ಫೋನ್..."

"ಹನ್ನೊಂದು ಸಲ ಮಾಡಿದೆ."

"ಕ್ಷಮಿಸಿ. ಎಲ್ಲರ ಮುಂದೆ ಹಾಗನ್ನಬಾರದಿತ್ತು." ಅವಳು ಅವನತ್ತ ತಿರುಗಿದಳು. "ರೂಮು ಖಾಲಿ ಮಾಡ್ತಿದ್ದೀರಂತೆ?"

ಅವನು ಮೊದಲ ಬಾರಿಗೆ ತಡವರಿಸಿದ. "ಹಿಂದುಗಡೆ ಅಡುಗೆಮನೆ ಇರೋ ಮನೆ ಖಾಲಿ ಆಗ್ತಿದೆ. ಒಬ್ಬನಿಗೆ ದೊಡ್ಡದಾಯ್ತು ಅಂದ್ರು ಆಂಟಿ. ಮದುವೆ ಆದ್ಮೇಲೆ ಒಬ್ಬನೇ ಇರಲ್ಲ ಅಂದುಬಿಟ್ಟೆ... ನಿಮ್ಮನ್ನ ಕೇಳೋಕೆ ಮುಂಚೆ."

ಅವಳು ಡಬ್ಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಇದು ಕರುಣೆನಾ?"

"ಕರುಣೆ ಇರೋನು ಪಾತ್ರೆ ಇಡೋ ಜಾಗಕ್ಕೆ ದಿನಾ ಜಗಳ ಆಡ್ತಾನಾ? ಜಗಳ ಆಡದೇ ಇದ್ರೆ ನೀವು ಮಾತೇ ಆಡ್ತಿರಲಿಲ್ಲ. ನೀವಂದ್ರೆ ನನಗೆ ಇಷ್ಟ. ಇವತ್ತು ಬೈದಾಗಲೂ ಇಷ್ಟಾನೇ."

"ಜೀವನಪೂರ್ತಿ ಹೀಗೇ ಇರತ್ತೆ ಇದು. ದಿನಾ ಸೂಜಿ, ದಿನಾ ಲೆಕ್ಕ ಹಾಕಿ ಊಟ. ನಿನಗೆ ಸಾಕಾಗಲ್ವಾ?"

ಅವನು ಅವಳನ್ನೇ ನೋಡುತ್ತ ನಿಂತ. "ಇನ್ನೊಂದು ಸಲ ಹೇಳು."

"ಏನನ್ನ?"

"ನೀನು ಅಂತ."

ಅವಳ ಕಣ್ಣು ತುಂಬಿ ಬಂತು. ಶಾಯಿ ಮಾಸದ ಅವನ ಬೆರಳುಗಳನ್ನು ಮೆಲ್ಲನೆ ಹಿಡಿದುಕೊಂಡಳು.

"ನಡಿ. ಮಧ್ಯಾಹ್ನ ನೀನು ಊಟಾನೂ ಮಾಡಿರಲ್ಲ."

"ಮಾಡಿಲ್ಲ," ಎಂದ ಅವನು. "ಒಟ್ಟಿಗೆ ಮಾಡೋಣ."