ಕೈ ತಿನ್ನುವ ಪಿಟೀಲು

ನಾದಚಿತ್ರಕ ಯಂತ್ರದ ನೀಲಿ ಕಿರಣ ಪಿಟೀಲಿನ ಮೈಮೇಲೆ ಮೆಲ್ಲಗೆ ಸರಿಯಿತು. ಎದುರಿನ ತೆರೆಯಲ್ಲಿ ಕಮಾನು ಹಿಡಿದ ಒಂದು ಕೈ ಮೂಡಿತು.

"ನಿಮ್ಮ ಮುತ್ತಜ್ಜನ ಕೈ, ಅಮ್ಮಾ," ಎಂದರು ವಿಜ್ಞಾನಿ ಕೊಪ್ಪೀಕರ.

ಅಲಮೇಲು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಮಗಳು ರಂಜನಿಯ ಒತ್ತಾಯಕ್ಕೆ ಬಂದಿದ್ದಳೇ ಹೊರತು ಇದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

ತನ್ನೊಳಗೆ ಹಾದುಹೋದ ನಾದವನ್ನು ಮರ ಮರೆಯುವುದಿಲ್ಲ ಎಂಬುದು ಕೊಪ್ಪೀಕರರ ಸಂಶೋಧನೆ. ಕಮಾನಿನ ಒತ್ತಡ, ಬೆರಳಿನ ಓಟ ಎಲ್ಲವೂ ಕಂಪನಮುದ್ರೆಗಳಾಗಿ ಮರದ ಎಳೆಗಳಲ್ಲಿ ಪದರ ಪದರವಾಗಿ ಕೂರುತ್ತವೆ. ಯಂತ್ರ ಅವನ್ನು ಹಳೆಯದರಿಂದ ಹೊಸದಕ್ಕೆ ಓದುತ್ತ, ನುಡಿಸಿದ ಕೈಗಳನ್ನು ಚಲನಚಿತ್ರವಾಗಿ ಕಟ್ಟಿಕೊಡುತ್ತದೆ.

ಮನೆಯಲ್ಲಿ ಈ ವಾದ್ಯವನ್ನು ಕೈ ತಿನ್ನುವ ಪಿಟೀಲು ಎನ್ನುತ್ತಿದ್ದರು. ಮುತ್ತಜ್ಜ, ಅಜ್ಜ, ಅಪ್ಪ, ಮೂವರಿಗೂ ನಡುವಯಸ್ಸಿನಲ್ಲಿ ನಡುಕ ಹತ್ತಿ, ಕೊನೆಗೆ ಅನ್ನ ಕಲಸಲೂ ಆಗದಂತಾಗಿತ್ತು. ಅಲಮೇಲು ತಾನು ನುಡಿಸುವುದನ್ನು ಬಿಡಲಾರದೆ ಹೋದಳು. ರಂಜನಿಗೆ ಮಾತ್ರ ಮುಟ್ಟಗೊಡಲಿಲ್ಲ. ಅತ್ತು ಕರೆದರೂ ಪೆಟ್ಟಿಗೆಯ ಬೀಗ ತೆಗೆಯಲಿಲ್ಲ.

ತೆರೆಯಲ್ಲಿ ಮುತ್ತಜ್ಜನ ಕೈ ನಡುಗಲಾರಂಭಿಸಿತು. ಆಮೇಲೆ ಅಜ್ಜನದು. ಬಳಿಕ ಬಂದದ್ದು ದಪ್ಪ ಬೆರಳುಗಳ ಬೇರೊಂದು ಕೈ.

"ಇದು ಯಾರದು?" ಎಂದರು ಕೊಪ್ಪೀಕರ.

"ಫ್ರಾನ್ಸಿಸ್ ಮಾಸ್ತರದು. ಅಜ್ಜನ ಶಿಷ್ಯರು. ಅಪ್ಪ ದೊಡ್ಡವರಾಗುವ ತನಕ ಪಿಟೀಲು ಅವರ ಹತ್ತಿರವೇ ಇತ್ತು. ಅಪ್ಪನಿಗೆ ಕಲಿಸಿದವರೂ ಅವರೇ."

ಆ ಕೈಯ ಚರ್ಮ ಸುಕ್ಕಾಯಿತು, ನರಗಳು ಉಬ್ಬಿದವು. ಕಮಾನು ಮಾತ್ರ ಕೊನೆಯವರೆಗೂ ಅಲುಗಲಿಲ್ಲ.

ನಂತರ ಅಪ್ಪನ ಕೈ ಬಂದು, ನಡುಗಿ, ಮರೆಯಾಯಿತು. ಕಡೆಗೆ ಬಳೆ ತೊಟ್ಟ ಕೈ, ಅವಳದೇ. ಅಲಮೇಲು ಮುಂದಕ್ಕೆ ಬಾಗಿದಳು. ಉದ್ದ ಎಳೆಯುವಾಗ ಕಮಾನಿನ ತುದಿ ತುಸುವೇ ಅದುರುತ್ತಿತ್ತು. ಅದು ಈಚೆಗೆ ನುಡಿಸಿದ್ದು. ಆಗ ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಕೊಪ್ಪೀಕರ ತಟ್ಟನೆ ಯಂತ್ರ ನಿಲ್ಲಿಸಿದರು. "ಇದು ಸಂಗೀತಕ್ಕೆಂದು ಮಾಡಿದ ಯಂತ್ರ, ಅಮ್ಮಾ. ಒಮ್ಮೆ ನರರೋಗದ ವೈದ್ಯರಿಗೆ ತೋರಿಸಿಬಿಡಿ."

"ಮಾಸ್ತರ ಕೈ ಯಾಕೆ ನಡುಗಲಿಲ್ಲ?"

"ಅವರು ನಿಮ್ಮ ರಕ್ತಸಂಬಂಧಿಯಲ್ಲ," ಎಂದರು ಕೊಪ್ಪೀಕರ.

ಅಲಮೇಲು ಪಿಟೀಲಿನಿಂದ ದೂರವಿಟ್ಟು ಮಗಳನ್ನು ಕಾಪಾಡಿದೆನೆಂದು ಇಷ್ಟು ವರ್ಷ ನಂಬಿದ್ದಳು. ಸಂಗೀತವೊಂದನ್ನು ಬಿಟ್ಟು ಬೇರೇನನ್ನೂ ಅವಳಿಂದ ದೂರವಿಟ್ಟಿರಲಿಲ್ಲ.

ರಂಜನಿಗೂ ಎಲ್ಲ ಅರ್ಥವಾಗಿತ್ತು. ಮುಖ ಬಿಳಿಚಿಕೊಂಡಿದ್ದರೂ ದನಿ ಗಟ್ಟಿಯಾಗಿಯೇ ಇತ್ತು. "ವೈದ್ಯರ ಹತ್ತಿರ ಇಬ್ಬರೂ ಹೋಗೋಣ, ಅಮ್ಮ. ಅದಕ್ಕೆ ಮೊದಲು ನನಗೆ ಕಲಿಸು. ನಿನ್ನ ಕೈ ಆಡುತ್ತಿರುವಾಗಲೇ."

ಅಲಮೇಲು ಎದ್ದು ಪಿಟೀಲನ್ನು ಮಗಳ ಭುಜಕ್ಕೆ ಹೊಂದಿಸಿದಳು. ಬೆರಳುಗಳನ್ನು ಒಂದೊಂದಾಗಿ ಕಮಾನಿನ ಮೇಲೆ ಕೂರಿಸಿದಳು.

"ಎಳಿ," ಎಂದಳು.

ರಂಜನಿ ಎಳೆದಳು. ಕಮಾನು ತಂತಿಯ ಮೇಲೆ ಅದುರಿತು. ಹೊಸದಾಗಿ ಕಲಿಯುವವರ ಕೈ ನಡುಗುವುದು ಸಹಜ ಎಂದು ಅಲಮೇಲು ತನಗೆ ತಾನೇ ಹೇಳಿಕೊಂಡಳು. ಆದರೂ ಆ ಬೆರಳುಗಳಿಂದ ಕಣ್ಣು ಕೀಳಲು ಅವಳಿಂದಾಗಲಿಲ್ಲ.