ಐದನೆಯದರ ಉತ್ತರ

ಯಂತ್ರದ ಮೋಟಾರುಗಳಿಗೆ ಸಂಖ್ಯೆ ಕೊಡುವುದು ಮಗುವಿಗೆ ಹೆಸರಿಡುವುದಕ್ಕಿಂತ ಗಂಭೀರವಾದ ವಿಷಯವೆಂದು ಮೊದಲೇ ನಿವೇದಿಸಿಬಿಡುತ್ತೇನೆ. ಮಗು ಕರೆದಾಗ ಓಗೊಡದಿದ್ದರೂ ಮನೆ ನಡೆಯುತ್ತದೆ. ನಮ್ಮ ಬಿಸ್ಕತ್ತು ಪ್ಯಾಕಿಂಗ್ ಯಂತ್ರದಲ್ಲಿ ಕಂಟ್ರೋಲರ್ ಒಂದೇ ಕೇಬಲ್ಲಿನ ಮೂಲಕ ಮೋಟಾರುಗಳನ್ನು ನಡೆಸುವ ಐದು ಸರ್ವೋ ಡ್ರೈವ್‌ಗಳನ್ನು ಸಂಖ್ಯೆ ಹಿಡಿದು ಕರೆಯುತ್ತದೆ. ಪ್ರತಿಯೊಂದೂ ತನ್ನ ಮೋಟಾರು ಎಷ್ಟು ತಿರುಗಿದೆಯೆಂದು ಉತ್ತರಿಸಬೇಕು.

ಅಂದು ಮಧ್ಯಾಹ್ನ, ಕವರು ಕತ್ತರಿಸುವ ಬ್ಲೇಡನ್ನು ಇಳಿಸುವ ಐದನೆಯ ಮೋಟಾರನ್ನು ಡ್ರೈವ್ ಸಮೇತ ಬಿಚ್ಚಿ ರಿಪೇರಿಗೆ ಕಳಿಸಿದ್ದೆವು. ನಮ್ಮ ಮೆಕ್ಯಾನಿಕ್, ಅಂದರೆ ನನ್ನ ಅಕ್ಕನ ಗಂಡ, ಬ್ಲೇಡಿನ ಕೆಳಗೆ ಕೈ ಹಾಕಿ ಪ್ಲಾಸ್ಟಿಕ್ ಪಟ್ಟಿಯಿಂದ ಅಂಟು ಕೆರೆಯುತ್ತಿದ್ದರು. ನನ್ನ ಪರದೆಯ ಮೇಲೆ ಐದನೆಯದು ಉತ್ತರಿಸತೊಡಗಿತು.

“ಭಾವ, ಐದನೆಯದು ಇದ್ದೀನಿ ಅಂತಿದೆ.”

“ಹಾಜರಿ ಹಾಕ್ಕೋ. ಸಂಬಳ ಕೇಳದಿದ್ರೆ ಸಾಕು.”

ಐದನೆಯದರಿಂದ ಕಳಚಿದ ಮೇಲೆ ಮೇಜಿನ ಮೇಲೆ ಬಿದ್ದಿದ್ದ ಕೇಬಲ್ಲಿನ ತುದಿಯನ್ನು ಮುಟ್ಟಿದೆ. ಐಸಿನಂತೆ ಕೊರೆಯುತ್ತಿತ್ತು. ಪರದೆಯಲ್ಲಿ ಅಂಕಿ ಇಳಿಯುತ್ತಿತ್ತು, ಯಾರೋ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಿರುವಂತೆ. ಅದು ಸೊನ್ನೆಗೆ ಬಂದರೆ ಬ್ಲೇಡು ಬೀಳುತ್ತದೆ.

“ಭಾವ, ಕೈ ತೆಗೀರಿ.”

“ಮೋಟಾರೇ ಇಲ್ವಲ್ಲೋ. ಬ್ಲೇಡನ್ನೇನು ನಿಮ್ಮಕ್ಕ ಬಂದು ಇಳಿಸ್ತಾಳಾ?”

“ಅಕ್ಕನ ಆಣೆ, ತೆಗೀರಿ!”

ಪಟ್ಟಿಯನ್ನು ಅಲ್ಲೇ ಬಿಟ್ಟು, ನಗುತ್ತ ಕೈ ತೆಗೆದರು. ಬ್ಲೇಡು ಇಳಿದು, ಪಟ್ಟಿಯನ್ನು ಎರಡು ತುಂಡು ಮಾಡಿ, ಸದ್ದಿಲ್ಲದೆ ಮೇಲೇರಿತು. ಮೋಟಾರು ಕೂರುತ್ತಿದ್ದ ಖಾಲಿ ಜಾಗದ ಮೇಲೆ ಭಾವ ಅಂಗೈ ಇಟ್ಟರು.

“ಬಿಸಿ ಇದೆ ಕಣೋ,” ಎಂದರು. ಆಮೇಲೆ ನಗಲಿಲ್ಲ.

ಐದು ಖಾಲಿಯಿಲ್ಲದ ಕಾರಣ, ರಿಪೇರಿಯಾಗಿ ಬಂದ ಮೋಟಾರಿಗೆ ಆರನೆಯ ಸಂಖ್ಯೆ ಕೊಟ್ಟೆವು. ಯಂತ್ರ ಚೆನ್ನಾಗಿ ನಡೆಯುತ್ತಿದೆ.